ಹೆಲ್ಮೆಟ್ಟು ತಲೆಗೋ, ಕನ್ನಡಿಗೋ?

ಮಡಕಶಿರಾ ಸೀಮೆಯ ನಕ್ಷೆ ನೋಡಿದವರಿಗೆ ಗೊತ್ತು, ನಮಗೆ ಮೂರು ದಿಕ್ಕಿಗೂ ಕರ್ನಾಟಕ, ಒಂದು ದಿಕ್ಕಿಗೆ ಮಾತ್ರ ಆಂಧ್ರ. ಅಗಳಿ, ರೊಳ್ಳ, ಗುಡಿಬಂಡೆ, ಅಮರಾಪುರ ಕಡೆಯ ರೈತ ರೇಷ್ಮೆಗೂಡು ಮಾರಲು ಹಿಂದೂಪುರಕ್ಕೆ ಹೋಗುತ್ತಾನೆ, ಸಾಮಾನು ಕೊಳ್ಳಲು ಶಿರಾಕ್ಕೆ ಹೋಗುತ್ತಾನೆ, ಮಗಳನ್ನು ನೋಡಿ ಬರಲು ಪಾವಗಡಕ್ಕೋ ಮಧುಗಿರಿಗೋ ಹೋಗುತ್ತಾನೆ. ಬಸ್ಸಿನ ಹೊತ್ತಿಗೂ ನಮ್ಮ ಕೆಲಸದ ಹೊತ್ತಿಗೂ ಹೊಂದುವುದಿಲ್ಲ. ಹಾಗಾಗಿ ಮನೆಗೊಂದು ಬೈಕು ಬಂದಿದೆ. ಒಂದು ಕಾಲಕ್ಕೆ ಗಾಡಿ ಅಂದರೆ ಎತ್ತಿನಗಾಡಿ. ಈಗ ನಮ್ಮೂರಲ್ಲಿ ‘ಗಾಡಿ ತಗೊಂಡು ಬಾ’ ಅಂದರೆ ಯಾರೂ ಎತ್ತು ಹುಡುಕುವುದಿಲ್ಲ.

ಆ ಗಾಡಿಗಳನ್ನು ಒಂದು ಸಂತೆಯ ದಿನ ರಸ್ತೆಯ ಪಕ್ಕ ನಿಂತು ನೋಡಿ. ಬಹಳಷ್ಟು ಜನರ ಹತ್ತಿರ ಹೆಲ್ಮೆಟ್ಟು ಇದೆ. ಆದರೆ ಅದು ಇರುವ ಜಾಗ ಎಲ್ಲಿ? ಕನ್ನಡಿಗೆ ನೇತುಬಿದ್ದಿದೆ, ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತಿದೆ, ಇಲ್ಲವೇ ಮೊಣಕೈಗೆ ಬಳೆಯ ಹಾಗೆ ಸಿಕ್ಕಿಕೊಂಡಿದೆ. ಮುಂದೆ ಪೊಲೀಸರಿದ್ದಾರೆಂದು ಎದುರು ಬಂದವನು ಲೈಟು ಮಿಟುಕಿಸಿದರೆ ತಲೆಗೆ ಏರುತ್ತದೆ. ಗಡಿ ದಾಟಿ ಒಂದು ಫರ್ಲಾಂಗು ಹೋಗುವಷ್ಟರಲ್ಲಿ ಮತ್ತೆ ಕನ್ನಡಿಗೆ. ಆ ರಾಜ್ಯದ ದಂಡ ಬೇರೆ, ಈ ರಾಜ್ಯದ ದಂಡ ಬೇರೆ ಇರಬಹುದು. ಕನ್ನಡದಲ್ಲಿ ತಲೆ, ತೆಲುಗಿನಲ್ಲಿ ತಲ. ಕೊನೆಯ ಒಂದು ಸ್ವರ ಬಿಟ್ಟರೆ ಒಡೆಯುವ ವಸ್ತು ಒಂದೇ.

ಯಾಕೆ ಹಾಕಿಕೊಳ್ಳುವುದಿಲ್ಲ ಅಂತ ಕೇಳಿದರೆ ಕಾನೂನು ಗೊತ್ತಿಲ್ಲ ಅನ್ನುವವರು ಯಾರೂ ಇಲ್ಲ. ದುಡ್ಡಿಲ್ಲ ಅನ್ನುವ ಹಾಗೂ ಇಲ್ಲ, ಕೊಂಡು ಇಟ್ಟುಕೊಂಡಿದ್ದಾರಲ್ಲ! ‘ಸೆಖೆ ಕಣಣ್ಣ’, ‘ಕಿವಿ ಹಿಂಡ್ತೈತೆ’, ‘ಕತ್ತು ನೋಯ್ತದೆ’, ‘ಕನ್ನಡಕ ಒತ್ತುತ್ತೆ’. ನಾಲ್ಕು ಜನ ಸೇರಿದರೆ ಇಷ್ಟೇ ಉತ್ತರ. ಇವನ್ನು ನೆಪ ಎಂದು ತಳ್ಳಿಹಾಕುವುದು ಸುಲಭ. ನಾನು ತಳ್ಳಿಹಾಕುವುದಿಲ್ಲ.

ನಮ್ಮ ಪಕ್ಕದ ಹಳ್ಳಿಯ ಹುಡುಗನೊಬ್ಬ, ಇಪ್ಪತ್ತಾರು ತುಂಬಿತ್ತು, ಎರಡು ವರ್ಷದ ಹಿಂದೆ ಶಿರಾ ರಸ್ತೆಯಲ್ಲಿ ತೀರಿಕೊಂಡ. ರಾತ್ರಿ ಹಂದಿ ಅಡ್ಡ ಬಂದು ಗಾಡಿ ಉರುಳಿತು. ಕೈಕಾಲಿಗೆ ಬರೀ ತರಚು ಗಾಯ. ಏಟು ಬಿದ್ದದ್ದು ಹಿಂದಲೆಗೆ. ಹೆಲ್ಮೆಟ್ಟು ಕನ್ನಡಿಯಲ್ಲಿತ್ತು, ಅದಕ್ಕೆ ಒಂದು ಗೀರೂ ಆಗಿರಲಿಲ್ಲ. ಹನ್ನೊಂದನೇ ದಿನದ ಕಾರ್ಯಕ್ಕೆ ಹೋದಾಗ ಅವನ ತಾಯಿ ಗೋಡೆಗೊರಗಿ ಕೂತು ಹೇಳಿದಳು: ‘ದಿನಾ ಹೇಳ್ತಿದ್ದೆ ಅಣ್ಣಯ್ಯ, ಹಾಕ್ಕೊಳಪ್ಪ ಅಂತ. ಹಾಕ್ಕೊಂಡ್ರೆ ಹಣೆ ಹಿಂಡಿದಂಗೆ ಆಗ್ತೈತೆ, ಅರ್ಧ ಗಂಟೆಗೇ ತಲೆನೋವು ಬತ್ತೈತೆ ಅಂತಿದ್ದ. ಹುಡುಗು ಬುದ್ಧಿ, ಸುಳ್ಳು ಹೇಳ್ತಾನೆ ಅಂದ್ಕೊಂಡಿದ್ದೆ.’

ಅವನು ಸುಳ್ಳು ಹೇಳಿರಲಿಲ್ಲ. ಆ ಹೆಲ್ಮೆಟ್ಟು ಅಲ್ಲೇ ಗೂಟಕ್ಕೆ ತೂಗಿತ್ತು, ತೆಗೆದು ನೋಡಿದೆ. ಒಳಗಿನ ಆಕಾರ ಗುಂಡಗೆ, ಗಡಿಗೆಯ ಹಾಗೆ. ಹುಡುಗನದು ಅವರಪ್ಪನ ತಲೆ, ಹಿಂದೆ ಮುಂದೆ ಉದ್ದ. ಉದ್ದ ತಲೆಯನ್ನು ದುಂಡು ಹೆಲ್ಮೆಟ್ಟಿಗೆ ತುರುಕಿದರೆ ಹಣೆ, ಹಿಂದಲೆ ಎರಡೂ ಒತ್ತುತ್ತವೆ, ಕಿವಿಯ ಮೇಲೆ ಬೆರಳಾಡುವಷ್ಟು ಸಂದಿ ಉಳಿಯುತ್ತದೆ. ನೋವು ಬಂದೇ ಬರುತ್ತದೆ. ನೋಯಿಸುವ ವಸ್ತುವನ್ನು ಯಾರೂ ತಲೆಯ ಮೇಲೆ ಇಟ್ಟುಕೊಳ್ಳುವುದಿಲ್ಲ. ಅದಕ್ಕೇ ಹೆಲ್ಮೆಟ್ಟಿನ ಸುಖ ಎನ್ನುವುದು ಶೋಕಿಯ ಮಾತಲ್ಲ, ಜೀವದ ಮಾತು ಎಂದು ನಾನು ಹೇಳುವುದು.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಹೆಲ್ಮೆಟ್ಟು ಹಾಕದೆ ಸತ್ತವರು 50,029. ಅವರಲ್ಲಿ ಎಷ್ಟು ಜನರ ಹೆಲ್ಮೆಟ್ಟು ಕನ್ನಡಿಗೆ ತೂಗುತ್ತಿತ್ತು ಎನ್ನುವುದಕ್ಕೆ ಸರ್ಕಾರದ ಕಾಗದದಲ್ಲಿ ಕಾಲಂ ಇಲ್ಲ.

ಹೆಲ್ಮೆಟ್ಟಿನ ವಿದ್ಯೆ ಬೆಳೆದದ್ದೂ ಇಂಥದೇ ಒಂದು ಸಾವಿನಿಂದ. ‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಹೆಸರಾದ ಇಂಗ್ಲೆಂಡಿನ ಟಿ.ಇ. ಲಾರೆನ್ಸ್ 1935ರ ಮೇ 13ರಂದು ಬೈಕಿನಲ್ಲಿ ಬರುವಾಗ, ಸೈಕಲ್ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದ. ತಲೆಗೆ ಏನೂ ಇರಲಿಲ್ಲ. ಆರು ದಿನ ಪ್ರಜ್ಞೆಯಿಲ್ಲದೆ ಇದ್ದು, 46ರ ವಯಸ್ಸಿಗೆ ಹೋದ. ಅವನನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮೆದುಳಿನ ಶಸ್ತ್ರವೈದ್ಯರೊಬ್ಬರಿದ್ದರು. ಅವರು ಇದನ್ನು ಅಲ್ಲಿಗೇ ಬಿಡದೆ, ಬೈಕು ಓಡಿಸುವ ಸೈನಿಕರ ತಲೆಪೆಟ್ಟುಗಳ ಲೆಕ್ಕ ಹಿಡಿದು 1941ರಲ್ಲಿ ಲೇಖನ ಬರೆದರು. ಅದೇ ವರ್ಷದ ಕೊನೆಗೆ ಬ್ರಿಟಿಷ್ ಸೈನ್ಯ ತನ್ನ ಬೈಕು ಸವಾರರಿಗೆಲ್ಲ ಹೆಲ್ಮೆಟ್ಟು ಕಡ್ಡಾಯ ಮಾಡಿತು. ಏಟು ಹೀರುವ ಒಳಪದರದ ಹೆಲ್ಮೆಟ್ಟಿಗೆ 1953ರಲ್ಲಿ ಅಮೆರಿಕದಲ್ಲಿ ಪೇಟೆಂಟು ಸಿಕ್ಕಿತು. ಇವತ್ತು ನಾವು ಹಾಕುವುದೆಲ್ಲ ಅದರ ಸಂತಾನವೇ.

ಒಳಪದರ ಅಂದೆನಲ್ಲ, ಅದನ್ನು ತಿಳಿಯಲು ತೆಂಗಿನ ಮರದ ಕೆಳಗೆ ಹೋದರೆ ಸಾಕು. ಮರದಿಂದ ಬಿದ್ದ ಕಾಯಿ ಒಡೆಯುವುದಿಲ್ಲ. ಸುಲಿದ ಕಾಯಿ ಸೊಂಟದೆತ್ತರದಿಂದ ಕಲ್ಲಿನ ಮೇಲೆ ಬಿದ್ದರೂ ಎರಡು ಹೋಳು. ನಡುವೆ ಇದ್ದು ಕಾಪಾಡಿದ್ದು ಮಟ್ಟೆ. ಹೆಲ್ಮೆಟ್ಟಿನ ಹೊರಗಿನ ಗಟ್ಟಿ ಚಿಪ್ಪಿಗೂ ಒಳಗಿನ ಬಟ್ಟೆಯ ಮೆತ್ತೆಗೂ ಮಧ್ಯೆ ಬಿಳಿಯ ಥರ್ಮೋಕೋಲಿನಂಥ ದಪ್ಪ ಪದರ ಇರುತ್ತದೆ. ಅದೇ ಮಟ್ಟೆ. ಏಟು ಬಿದ್ದಾಗ ಅದು ತಾನು ಜಜ್ಜಿಹೋಗಿ ಮೆದುಳಿಗೆ ಹೋಗುವ ಹೊಡೆತವನ್ನು ನುಂಗುತ್ತದೆ. ಒಮ್ಮೆ ಜಜ್ಜಿದ ಮೇಲೆ ಮತ್ತೆ ಉಬ್ಬುವುದಿಲ್ಲ. ಹಾಗಾಗಿ ಜೋರಾಗಿ ಬಿದ್ದ ಹೆಲ್ಮೆಟ್ಟು ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ ಅದರ ಕೆಲಸ ಮುಗಿದಂತೆ. ‘ತಲೆಗೆ ಬಂದದ್ದು ರುಮಾಲಿಗೆ ಹೋಯ್ತು’ ಅಂತ ನಮ್ಮಲ್ಲಿ ಗಾದೆ. ತೆಲುಗಿನವರೂ ‘ತಲಕು ವಚ್ಚಿಂದಿ ತಲಪಾಗಾಕು ಪೋಯಿಂದಿ’ ಅಂತಾರೆ. ಎರಡು ಭಾಷೆಯ ಹಿರಿಯರೂ ಹೆಲ್ಮೆಟ್ಟು ಕಾಣದೆಯೇ ಅದರ ಕೆಲಸ ಏನೆಂದು ಹೇಳಿಬಿಟ್ಟಿದ್ದಾರೆ. ಆದರೆ ಹೋಗಬೇಕಾದರೆ ರುಮಾಲು ತಲೆಯ ಮೇಲೆ ಇರಬೇಕಷ್ಟೆ!

ಆ ಹುಡುಗನ ಸಾವಿನ ಮೇಲೆ ನನ್ನ ತಂಗಿಯ ಮಗ ಹೊಸ ಗಾಡಿ ತಗೊಂಡ. ‘ಮಾವ, ಹೆಲ್ಮೆಟ್ಟಿಗೆ ನೀನೂ ಬಾ’ ಅಂದ. ಹೊರಡುವ ಮುಂಚೆ ಟೈಲರನ ಟೇಪು ಇಸಕೊಂಡು ಅವನ ತಲೆ ಅಳೆದೆ. ನಮ್ಮ ಜನ ಅಂಗಿಗೆ ಅಳತೆ ಕೊಡುತ್ತಾರೆ, ಚಪ್ಪಲಿಗೆ ನಂಬರು ಹೇಳುತ್ತಾರೆ, ತಲೆಯ ಅಳತೆ ಮಾತ್ರ ಯಾರಿಗೂ ಗೊತ್ತಿಲ್ಲ. ಹುಬ್ಬಿನಿಂದ ಒಂದು ಅಂಗುಲದಷ್ಟು ಮೇಲೆ ಟೇಪು ಹಿಡಿದು, ಕಿವಿಗಳ ಮೇಲಿಂದ ಸುತ್ತಿ, ಹಿಂದಲೆ ಎಲ್ಲಿ ಹೆಚ್ಚು ಉಬ್ಬಿದೆಯೋ ಅಲ್ಲಿಂದ ತರಬೇಕು. ಎರಡು ಸಲ ಅಳೆದು ದೊಡ್ಡದಾಗಿ ಬಂದದ್ದನ್ನು ಇಟ್ಟುಕೊಳ್ಳಬೇಕು. ಅವನಿಗೆ 58 ಸೆಂಟಿಮೀಟರ್ ಬಂತು. ನಮ್ಮ ದೇಶದ ಹೆಲ್ಮೆಟ್ಟುಗಳ ಮೇಲೆ ಇದನ್ನು ಮಿಲಿಮೀಟರಿನಲ್ಲಿ 580 ಅಂತ ಹಾಕಿರುತ್ತಾರೆ, ಸಾಮಾನ್ಯವಾಗಿ ಅದು ಮೀಡಿಯಂ. 600 ಅಂದರೆ ಲಾರ್ಜ್. ಆದರೆ ಒಂದು ಕಂಪನಿಯ ಮೀಡಿಯಂ ಇನ್ನೊಂದರ ಮೀಡಿಯಂ ಥರ ಕೂರುವುದಿಲ್ಲ. ಅಂಕಿ ನಮ್ಮನ್ನು ಅಂಗಡಿಯ ಬಾಗಿಲವರೆಗೆ ಕರಕೊಂಡು ಹೋಗುತ್ತದೆ, ಅಷ್ಟೆ. ಒಳಗೆ ಹೋದ ಮೇಲೆ ತಲೆಯೇ ಹೇಳಬೇಕು.

ಅಂಗಡಿಯವನು ಒಳ್ಳೆಯವನೇ, ಆದರೆ ವ್ಯಾಪಾರಿ. ‘ಅನ್ನಾ, ಕೊಂಚಂ ಪೆದ್ದದಿ ತೀಸ್ಕೋಂಡಿ, ಫ್ರೀಗಾ ಉಂಟುಂದಿ’ ಅಂದ. ಸ್ವಲ್ಪ ದೊಡ್ಡದೇ ತಗೊಳ್ಳಿ, ಸಡಿಲವಾಗಿ ಇರುತ್ತೆ ಅಂತ ಅವನ ಸಲಹೆ. ಸಡಿಲವಾಗಿ ಇರಬೇಕಾದ್ದು ಪಂಚೆ ಕಣಪ್ಪ, ಹೆಲ್ಮೆಟ್ಟಲ್ಲ. ಹೊಸ ಹೆಲ್ಮೆಟ್ಟು ಸುತ್ತಲೂ ಒಂದೇ ಸಮ ತಬ್ಬಿ ಹಿಡಿದಿರಬೇಕು. ಕೆನ್ನೆಗಳು ಮಗುವಿನ ಕೆನ್ನೆಯ ಹಾಗೆ ಸ್ವಲ್ಪ ಉಬ್ಬಿ ನಿಲ್ಲಬೇಕು. ಒಳಗಿನ ಬಟ್ಟೆಯ ಮೆತ್ತೆ ಕೆಲವು ವಾರ ಹಾಕಿದ ಮೇಲೆ ತಾನಾಗಿ ಅಮರುತ್ತದೆ, ಆಗ ಹಿತವಾಗುತ್ತದೆ. ಮೊದಲ ದಿನವೇ ಟೋಪಿಯ ಹಾಗೆ ಸುಲಭವಾಗಿ ಇಳಿದರೆ ಮೂರು ತಿಂಗಳಿಗೆ ಗಡಿಗೆಯಲ್ಲಿ ಕಲ್ಲು ಹಾಕಿದಂತೆ ಅಲ್ಲಾಡುತ್ತದೆ. ಗಾಳಿಗೆ ಮೇಲೇಳುತ್ತದೆ, ಬಿದ್ದಾಗ ತಲೆಯಿಂದ ಕಳಚಿ ಬೇರೆ ಕಡೆ ಉರುಳುತ್ತದೆ.

ಎಲ್ಲ ಕಡೆ ಒಂದೇ ಸಮ ಬಿಗಿ ಇರುವುದು ಬೇರೆ, ಒಂದೇ ಜಾಗದಲ್ಲಿ ಒತ್ತುವುದು ಬೇರೆ. ಮೊದಲನೆಯದು ಅಮರುತ್ತದೆ, ಎರಡನೆಯದು ಅಮರುವುದಿಲ್ಲ, ಯಾಕಂದರೆ ಅಲ್ಲಿ ಒತ್ತುತ್ತಿರುವುದು ಮೆತ್ತೆಯಲ್ಲ, ಒಳಗಿನ ಗಟ್ಟಿ ಪದರದ ಆಕಾರ. ಉದ್ದ ತಲೆಗೆ ದುಂಡು ಹೆಲ್ಮೆಟ್ಟು ಹಾಕಿದರೆ ಹಣೆ ನೋಯುತ್ತದೆ ಅಂತ ಮೇಲೆ ಹೇಳಿದೆ. ದುಂಡು ತಲೆಗೆ ಉದ್ದನೆಯದು ಹಾಕಿದರೆ ಕಣತಲೆ ಎರಡೂ ಕಡೆ ಹಿಂಡುತ್ತದೆ, ಮುಂದೆ ಹಿಂದೆ ಖಾಲಿ. ಇದಕ್ಕೆ ಮದ್ದು ದೊಡ್ಡ ಸೈಜು ಅಲ್ಲ, ಬೇರೆ ಆಕಾರದ್ದು. ಬೇರೆ ಮಾಡೆಲು, ಬೇರೆ ಕಂಪನಿ ನೋಡಬೇಕು. ನಮ್ಮ ಹುಡುಗನಿಗೆ ಐದನೆಯದು ಸರಿಹೋಯಿತು.

ಅದನ್ನು ಹಾಕಿಸಿ ಅಂಗಡಿಯಲ್ಲೇ ಕಾಲು ಗಂಟೆ ಕೂರಿಸಿದೆ. ಟೀ ತರಿಸಿದೆವು, ಅವನು ಕುಡಿಯುವಂತಿರಲಿಲ್ಲ, ನಾವು ಕುಡಿದೆವು. ತೆಗೆದಾಗ ಹಣೆಯ ಮೇಲೆ ಕೆಂಪು ಗುರುತು ಇರಲಿಲ್ಲ. ಗುರುತಿದ್ದರೆ, ಇಲ್ಲಾ ಒಂದು ಕಡೆ ಬಿಸಿಯಾದಂತೆ ಚುಳುಕು ಅಂದರೆ ಅದನ್ನು ಅಲ್ಲೇ ಬಿಟ್ಟು ಬರಬೇಕು. ಇನ್ನೆರಡು ಪರೀಕ್ಷೆ ಮಾಡಿದೆ. ಹೆಲ್ಮೆಟ್ಟು ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿದರೆ ಹಣೆಯ ಚರ್ಮವೂ ಜೊತೆಗೆ ಹೋಗಬೇಕು, ಹೆಲ್ಮೆಟ್ಟು ಮಾತ್ರ ಜಾರಬಾರದು. ಪಟ್ಟಿ ಬಿಗಿದ ಮೇಲೆ ಹಿಂದಿನ ಅಂಚು ಹಿಡಿದು ಮುಂದಕ್ಕೆ ಎತ್ತಿದರೆ ತಲೆಯಿಂದ ಕಳಚಬಾರದು. ಗದ್ದದ ಕೆಳಗೆ ಪಟ್ಟಿಯ ಒಳಗೆ ಒಂದು ಬೆರಳು ಹಿಡಿಸುವಷ್ಟು ಜಾಗ ಸಾಕು. ಪಟ್ಟಿ ಹಾಕದ ಹೆಲ್ಮೆಟ್ಟು ಪೊಲೀಸರ ಕಣ್ಣಿಗೆ ಹೆಲ್ಮೆಟ್ಟು, ರಸ್ತೆಗೆ ಅಲ್ಲ. ಅಂಗಡಿಯವನು ಮೊದಲು ನಕ್ಕ. ಆಮೇಲೆ ಅವನೇ ಇನ್ನೊಬ್ಬ ಗಿರಾಕಿಯ ಹಿಂದೆ ನಿಂತು ಅಂಚು ಹಿಡಿದು ಎತ್ತಿ ನೋಡುತ್ತಿದ್ದ.

ಈಗ ಸೆಖೆಯ ಮಾತು. ನಮ್ಮದು ಮಳೆ ಕಮ್ಮಿ ಸೀಮೆ, ಶಿವರಾತ್ರಿ ಕಳೆದರೆ ಬಂಡೆಗಳೇ ಬಿಸಿಯುಸಿರು ಬಿಡುತ್ತವೆ. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ಟು ಬೇಯಿಸುತ್ತದೆ ಎನ್ನುವುದು ನಿಜ. ಹಾಗಂತ ಅರ್ಧ ಬಟ್ಟಲಿನಂಥದ್ದು ಹಾಕಿದರೆ ಗದ್ದ, ದವಡೆ, ಮೂಗು ರಸ್ತೆಗೆ ಬಿಟ್ಟಂತೆ. ಮುಖ ಮುಚ್ಚುವುದನ್ನೇ ತಗೊಂಡು, ಗದ್ದದ ಮುಂದೆ, ಹಣೆಯ ಮೇಲೆ, ಹಿಂದೆ ಗಾಳಿಕಿಂಡಿ ಇರುವುದನ್ನು ಆರಿಸುವುದು ಮೇಲು. ಮುಂದಿನ ಕಿಂಡಿಯಿಂದ ಒಳಬಂದ ಗಾಳಿ ಹಿಂದಿನಿಂದ ಹೋಗಬೇಕು. ಹಿಂದೆ ಕಿಂಡಿಯಿಲ್ಲದಿದ್ದರೆ ಮುಂದಿನದು ಬರೀ ಅಲಂಕಾರ. ಗಾಡಿ ಓಡುತ್ತಿದ್ದರೆ ಮಾತ್ರ ಕಿಂಡಿ ಕೆಲಸ ಮಾಡುತ್ತದೆ, ಸಂತೆಯ ಗದ್ದಲದಲ್ಲಿ ನಿಂತಾಗ ಅಲ್ಲ. ನಿಂತಾಗ ಗಾಜು ಎತ್ತಿಕೊಳ್ಳಬಹುದಲ್ಲ.

ಬಣ್ಣ ಕೇಳಿದರೆ ನಾನು ಬಿಳಿ ಅನ್ನುತ್ತೇನೆ. ಬಿಸಿಲಿಗೆ ತಂಪು ಎನ್ನುವುದಷ್ಟೇ ಅಲ್ಲ. ನ್ಯೂಜಿಲೆಂಡಿನ ಆಕ್ಲೆಂಡ್ ಕಡೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಪ್ಪು ಹೆಲ್ಮೆಟ್ಟಿನವರಿಗಿಂತ ಬಿಳಿ ಹೆಲ್ಮೆಟ್ಟಿನವರಿಗೆ ಅಪಘಾತದ ಗಾಯದ ಅಪಾಯ ಶೇಕಡ 24ರಷ್ಟು ಕಡಿಮೆ ಕಂಡಿತ್ತು. ಎದುರಿನ ಲಾರಿಯವನ ಕಣ್ಣಿಗೆ ಬೀಳುವುದೂ ಒಂದು ರಕ್ಷಣೆಯೇ. ನಮ್ಮ ಹುಡುಗನಿಗೆ ಕಪ್ಪೇ ಬೇಕಿತ್ತು. ಕೊನೆಗೆ ಬಿಳಿ ಮೇಲೆ ಕೆಂಪು ಗೆರೆ ಇರುವುದಕ್ಕೆ ರಾಜಿಯಾದೆವು.

ಟವೆಲ್ಲಿನ ವಿಚಾರ ನಮ್ಮ ಕಡೆ ದೊಡ್ಡ ತಕರಾರು. ತಲೆಗೆ ಟವೆಲ್ಲು ಸುತ್ತಿ ಅದರ ಮೇಲೆ ಹೆಲ್ಮೆಟ್ಟು ಏರಿಸುವವರಿದ್ದಾರೆ. ಟವೆಲ್ಲಿನ ಮಡಿಕೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಅಳೆದು ತಂದ ಬಿಗಿ ಎಲ್ಲ ಹಾಳು. ಬೆವರಿಗೆ ಬೇಕಿದ್ದರೆ ತೆಳುವಾದ ಹತ್ತಿ ಬಟ್ಟೆಯ ಟೋಪಿ ಸಾಕು. ‘ಸರ್ದಾರ್ಜಿಗಳಿಗೆ ಪೇಟ ಇದ್ದರೆ ಹೆಲ್ಮೆಟ್ಟು ಬೇಡವಂತೆ, ನಮ್ಮ ರುಮಾಲಿಗೆ ಯಾಕಿಲ್ಲ?’ ಅಂತ ನಮ್ಮೂರ ಹಿರಿಯರೊಬ್ಬರು ಅರಳಿಕಟ್ಟೆಯಲ್ಲಿ ವಾದ ಹೂಡಿದ್ದರು. ಪೇಟ ಕಟ್ಟಿದ ಸಿಖ್ಖರಿಗೆ ಮೋಟಾರು ವಾಹನ ಕಾಯ್ದೆಯ 129ನೇ ಕಲಮಿನಲ್ಲಿ ವಿನಾಯಿತಿ ಇರುವುದು ನಿಜ. ನಮ್ಮ ಟವೆಲ್ಲಿಗೆ ಇಲ್ಲ, ರಸ್ತೆಯಂತೂ ಕಾಯ್ದೆ ಓದುವುದಿಲ್ಲ.

ಐವತ್ತು ದಾಟಿದ ನಮ್ಮಂಥವರಿಗೆ ಕನ್ನಡಕ ಇನ್ನೊಂದು ಕಷ್ಟ. ಅಂಗಡಿಗೆ ಹೋಗುವಾಗ ಕನ್ನಡಕ ಹಾಕಿಕೊಂಡೇ ಹೋಗಿ. ಹೆಲ್ಮೆಟ್ಟು ಹಾಕಿ, ಗಾಜು ಎತ್ತಿ, ಆಮೇಲೆ ಕನ್ನಡಕದ ಕಡ್ಡಿ ಸೇರಿಸಬೇಕು. ಕಡ್ಡಿ ಕಿವಿಯ ಮೇಲೆ ನೇರವಾಗಿ ಜಾರಿ ಕೂರಬೇಕು, ಬಾಗಬಾರದು. ಕೆಲವು ಹೆಲ್ಮೆಟ್ಟುಗಳ ಮೆತ್ತೆಯಲ್ಲಿ ಇದಕ್ಕೆಂದೇ ಸಣ್ಣ ಓಣಿ ಬಿಟ್ಟಿರುತ್ತಾರೆ. ಕಿವಿ ಕೇಳುವುದಿಲ್ಲ ಎನ್ನುವ ದೂರಿಗೆ ಮಾತ್ರ ಹುರುಳಿಲ್ಲ. 1994ರಲ್ಲಿ ಅಮೆರಿಕದಲ್ಲಿ 50 ಸವಾರರನ್ನು ರಸ್ತೆಯಲ್ಲೇ ಪರೀಕ್ಷಿಸಿ ನೋಡಿದರು. ಹೆಲ್ಮೆಟ್ಟು ಇದ್ದರೂ ಇಲ್ಲದಿದ್ದರೂ ಹಾರನ್ನು ಕೇಳಿಸುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ನನಗಂತೂ ಒಳಗಿನ ಆ ಗುಂಯ್ ಅನ್ನುವ ಮೌನ ಇಷ್ಟ. ಹಿಂದೂಪುರದ ಕವಿಗೋಷ್ಠಿಗೆ ಹೋಗುವಾಗ ತೆಲುಗಿನ ಸಾಲು, ಪಾವಗಡಕ್ಕೆ ಹೋಗುವಾಗ ಕನ್ನಡದ ಸಾಲು ಅದರೊಳಗೇ ಗುನುಗಿಕೊಳ್ಳುತ್ತೇನೆ. ಹೊರಗಿನವರಿಗೆ ಹುಚ್ಚನ ಹಾಗೆ ಕಾಣುವುದಿಲ್ಲ, ಅದೊಂದು ಲಾಭ. ಹೆಲ್ಮೆಟ್ಟಿಗೆ ‘ಶಿರಸ್ತ್ರಾಣ’ ಅಂತ ಎರಡೂ ಭಾಷೆಯಲ್ಲಿ ಒಂದೇ ಚೆಂದದ ಪದ ಇದೆ. ಅಂಗಡಿಯಲ್ಲಿ ಹಾಗೆ ಕೇಳಿದರೆ ನಾಟಕದ ಸಾಮಾನು ಬಾಡಿಗೆ ಕೊಡುವವರ ಹತ್ತಿರ ಹೋಗಿ ಅಂದಾರು.

ಹಿಂದೆ ಕೂರುವ ಹೆಂಗಸರನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. 2019ರ ತಿದ್ದುಪಡಿಯ ಮೇಲೆ ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬರಿಗೂ, ಓಡಿಸುವವರಿಗೂ ಹಿಂದೆ ಕೂತವರಿಗೂ, ಹೆಲ್ಮೆಟ್ಟು ಬೇಕೇ ಬೇಕು. ನಮ್ಮ ಮನೆಯವರಿಗೆ ತರುವಾಗ ತುರುಬು ಅಡ್ಡ ಬಂತು. ತುರುಬು ಮೇಲಿದ್ದರೆ ಹೆಲ್ಮೆಟ್ಟು ಹಣೆಯ ಮೇಲಕ್ಕೆ ಎದ್ದು ನಿಲ್ಲುತ್ತದೆ. ಜಡೆ ಕೆಳಗೆ ಇಳಿಬಿಟ್ಟು, ಹೂವನ್ನು ಕತ್ತಿನ ಹತ್ತಿರ ಮುಡಿದರೆ ಸರಿಯಾಗುತ್ತದೆ. ‘ಮದುವೆಮನೆಗೆ ಹೋಗಿ ಇಳಿದ ಮೇಲೆ ಮುಡ್ಕೊಂತೀನಿ ಬಿಡ್ರಿ’ ಅಂತ ಆಕೆಯೇ ಉಪಾಯ ಕಂಡುಕೊಂಡಳು. ಈಗ ನಮ್ಮ ಗಾಡಿಯ ಬಾಕ್ಸಿನಲ್ಲಿ ಬಾಳೆಯೆಲೆಯಲ್ಲಿ ಸುತ್ತಿದ ಹೂವು ಇರುತ್ತದೆ. ಆಕೆಗೆ ತಂದದ್ದು ನನ್ನದಕ್ಕಿಂತ ಹಗುರ. ಒಂದೂಕಾಲು ಕಿಲೋ, ಒಂದೂವರೆ ಕಿಲೋ ಅಂದರೆ ಕೈಯಲ್ಲಿ ಏನೂ ಅಲ್ಲ, ಒಂದು ಗಂಟೆ ಕತ್ತಿನ ಮೇಲೆ ಕೂತಾಗ ಆ ಕಾಲು ಕಿಲೋದ ಬೆಲೆ ಗೊತ್ತಾಗುತ್ತದೆ.

ಗಾಜು ಬಿಳಿಯದೇ ಇರಲಿ. ಕಪ್ಪು ಗಾಜು ಹಗಲಿಗೆ ಸೊಗಸು, ಕತ್ತಲಾದ ಮೇಲೆ ಕಣ್ಣಿಗೆ ಬಟ್ಟೆ ಕಟ್ಟಿದಂತೆ. ಗೂಡು ಹೊತ್ತು ನಸುಕಿಗೇ ಹೊರಡುವ ನಮಗೆ ಮಂಜಿನ ತಿಂಗಳಲ್ಲಿ ಉಸಿರಿಗೆ ಗಾಜು ಮಬ್ಬಾಗುತ್ತದೆ. ಒಂದು ನೂಲಿನಷ್ಟು ತೆರೆದಿಟ್ಟರೆ ಬಿಡುತ್ತದೆ. ಗೀರು ಬಿದ್ದ ಗಾಜು ರಾತ್ರಿ ಎದುರಿನ ದೀಪವನ್ನು ಸಾವಿರ ಚೂರು ಮಾಡಿ ಕಣ್ಣಿಗೆ ಎರಚುತ್ತದೆ. ಗಾಜು ಮಾತ್ರ ಬೇರೆ ಸಿಗುತ್ತದೆ, ಬದಲಾಯಿಸಬೇಕು.

ಎಷ್ಟೇ ಹಿತವಾಗಿದ್ದರೂ ಐಎಸ್ಐ ಗುರುತಿಲ್ಲದ್ದನ್ನು ಮುಟ್ಟಬೇಡಿ. 2021ರ ಜೂನ್ 1ರಿಂದ ಆ ಗುರುತಿಲ್ಲದ ಬೈಕು ಹೆಲ್ಮೆಟ್ಟು ತಯಾರಿಸುವುದೂ ಮಾರುವುದೂ ದೇಶದಲ್ಲಿ ನಿಷಿದ್ಧ. ಆದರೂ ರಸ್ತೆ ಬದಿಯ ಹಗ್ಗಕ್ಕೆ ತೂಗುಹಾಕಿ ಮಾರುವುದು ನಿಂತಿಲ್ಲ. ಅವುಗಳಲ್ಲಿ ಕೆಲವಕ್ಕೆ ಒಳಗೆ ಬೆರಳು ತೂರಿಸಿ ನೋಡಿದರೆ ಬಿಳಿ ಪದರವೇ ಇರುವುದಿಲ್ಲ, ಸ್ಪಂಜು ಮಾತ್ರ. ಅದು ಸುಲಿದ ಕಾಯಿ. ಬರೀ ಸ್ಟಿಕರು ನಂಬುವ ಹಾಗಿಲ್ಲ. ಐಎಸ್ಐ ಗುರುತಿನ ಮೇಲೆ ಐಎಸ್ 4151 ಎಂದೂ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆಯೂ ಇರಬೇಕು. ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಕಂಪನಿಯದೆಂದು ಬರುತ್ತದೆ. ನನಗೆ ಇದನ್ನು ಮಾಡಿ ತೋರಿಸಿದ್ದು ನಮ್ಮ ಹುಡುಗನೇ. ತಲೆ ಅಳೆಯುವುದನ್ನು ನಾನು ಕಲಿಸಿದೆ, ಫೋನು ಒತ್ತುವುದನ್ನು ಅವನು ಕಲಿಸಿದ.

ತಂದ ಮೇಲೆ ನೋಡಿಕೊಳ್ಳುವ ರೀತಿಯೂ ಇದೆ. ಎಣ್ಣೆಜಿಡ್ಡು ಆಯಿತೆಂದು ಪೆಟ್ರೋಲು ಬಟ್ಟೆಯಲ್ಲಿ ಒರೆಸುವವರನ್ನು ಕಂಡಿದ್ದೇನೆ. ಆ ಬಿಳಿ ಪದರ ಪೆಟ್ರೋಲಿಗೆ ಬೆಲ್ಲದ ಹಾಗೆ ಕರಗುತ್ತದೆ. ಒಂದು ಥರ್ಮೋಕೋಲ್ ಚೂರಿಗೆ ನಾಲ್ಕು ಹನಿ ಹಾಕಿ ನೋಡಿದರೆ ತಿಳಿಯುತ್ತದೆ. ನೀರು, ಸ್ವಲ್ಪ ಸೋಪು ಸಾಕು. ಮೆತ್ತೆ ಬಿಚ್ಚಲು ಬರುವಂಥದ್ದಾದರೆ ವಾರಕ್ಕೊಮ್ಮೆ ಒಗೆದು ನೆರಳಲ್ಲಿ ಒಣಹಾಕಿ, ಬೆವರಿನ ನಾತವೂ ‘ಹಾಕಲ್ಲ’ ಅನ್ನಲು ಒಂದು ಕಾರಣ. ಬೀಳದಿದ್ದರೂ ಐದು ವರ್ಷಕ್ಕೊಮ್ಮೆ ಬದಲಾಯಿಸಿ ಅಂತಾರೆ ಬಲ್ಲವರು. ತಯಾರಾದ ತಿಂಗಳು, ವರ್ಷ ಹೆಲ್ಮೆಟ್ಟಿನ ಮೇಲೇ ನಮೂದಾಗಿರುತ್ತದೆ.

ಕಾಲ ಮುಗಿದ ಹೆಲ್ಮೆಟ್ಟನ್ನು ಯಾರಿಗೂ ದಾನ ಕೊಡಬೇಡಿ, ಪಟ್ಟಿ ಕತ್ತರಿಸಿ ಇಟ್ಟುಬಿಡಿ. ನನ್ನ ಹಳೆಯದಕ್ಕೆ ಹುಲ್ಲು ಹಾಸಿ ದನದ ಕೊಟ್ಟಿಗೆಯ ಮೂಲೆಯಲ್ಲಿ ಇಟ್ಟಿದ್ದೆವು. ಹೋದ ತಿಂಗಳಿಂದ ಅದರಲ್ಲಿ ಒಂದು ಕೋಳಿ ಕಾವಿಗೆ ಕೂತಿದೆ. ಅದಕ್ಕೆ ಸೈಜು ಸರಿಯಾಗಿದೆ.